ಕ್ಯಾಬಿನ್ನಿನ ಫ್ಯಾನು, ನಾನು ಹೇಳಿದ ಸುಳ್ಳು

ತೆರೆಯ ಮೇಲೆ ಹೀರೋ ಕರೆಂಟು ತಂತಿ ಹಿಡಿದು ಹಲ್ಲು ಕಚ್ಚಿದರೆ ನೀವು ಶಿಳ್ಳೆ ಹೊಡೆಯುತ್ತೀರಿ, ಚಿಲ್ಲರೆ ಎಸೆಯುತ್ತೀರಿ. ನಾನೂ ಎಸೆದವನೇ! ಆದರೆ ಆ ತೆರೆಗೆ ಬೆಳಕು ಬಿಡುವ ಗೂಡಿನೊಳಗೆ ನಿಜವಾದ ಕರೆಂಟು ಮಾಡಿದ್ದನ್ನು ಕಂಡ ಮೇಲೆ ನನ್ನ ಚಿಲ್ಲರೆ ಜೇಬಿನಲ್ಲೇ ಉಳಿಯಿತು.

1983ರ ಮಳೆಗಾಲ. ಮಂಗಳೂರಿನ ಒಂದು ಟಾಕೀಸು... ಹೆಸರು ಬೇಡ. ನಾನಲ್ಲಿ ರೀಲು ಸುತ್ತುವ ಹುಡುಗ. ಆಗಿನ ಪ್ರೊಜೆಕ್ಟರಿನಲ್ಲಿ ಬಲ್ಬು ಇರಲಿಲ್ಲ ಸ್ವಾಮಿ! ಎರಡು ಕಾರ್ಬನ್ ಕಡ್ಡಿಗಳ ತುದಿಯ ನಡುವೆ 50 ಆಂಪಿಯರ್‌ನಷ್ಟು ಕರೆಂಟು ಹಾರಿ ಹೊತ್ತಿಕೊಂಡ ಬೆಳಕಿನಲ್ಲೇ ಅಣ್ಣಾವ್ರು ನಗುತ್ತಿದ್ದದ್ದು, ಶಂಕರ್‌ನಾಗ್ ಓಡುತ್ತಿದ್ದದ್ದು. ಕಡ್ಡಿ ಉರಿದರೆ ಹೊಗೆ. ಹೊಗೆ ತಳ್ಳಲು ಗೋಡೆಯಲ್ಲೊಂದು ಎಕ್ಸಾಸ್ಟ್ ಫ್ಯಾನು. ಅದನ್ನು ನಿಲ್ಲಿಸಿದರೆ ಹತ್ತು ನಿಮಿಷದಲ್ಲಿ ಕೆಮ್ಮು ಶುರು.

ಆ ಫ್ಯಾನಿನ ತಗಡು ಮುಟ್ಟಿದರೆ ಕೈ 'ಜುಂ' ಅನ್ನುತ್ತಿತ್ತು. ಗೇಟ್‌ಕೀಪರಿನಿಂದ ಮ್ಯಾನೇಜರ್‌ವರೆಗೆ ಎಲ್ಲರಿಗೂ ಗೊತ್ತು. "ಚಪ್ಪಲ್ ಹಾಕಿ ಮುಟ್ಟು ಮಾರಾಯ, ಎಂತ ಆಗುದಿಲ್ಲ" ಎನ್ನುತ್ತಿದ್ದರು ಆಪರೇಟರ್ ಅಣ್ಣ. ಅವರೇ ಎರಡು ಸಲ ಮ್ಯಾನೇಜರಿಗೆ ಹೇಳಿದ್ದರು. "ಈ ಪಿಕ್ಚರ್ ಎತ್ತಲಿ, ಮತ್ತೆ ನೋಡುವ" ಅಂತ ಉತ್ತರ. ಪಿಕ್ಚರ್ ಎತ್ತಿತು, ಇನ್ನೊಂದು ಬಂತು.

ಒಂದು ಸಂಜೆ ಪೋಸ್ಟರ್ ಅಂಟಿಸುವ ನಮ್ಮ ಹುಡುಗ ಹಂಪನಕಟ್ಟೆ ಕಡೆಯಿಂದ ಚಂಡಿಯಾಗಿ ಬಂದ. ಬರಿಗಾಲು. ಅಂಗಿ ಹಿಂಡಿ, ಬೇಗ ಒಣಗಲಿ ಅಂತ ಫ್ಯಾನಿನ ತಗಡಿಗೆ ಸಿಕ್ಕಿಸಲು ಹೋದ. ಕೂಗಲೇ ಇಲ್ಲ! ಸಿನಿಮಾದಲ್ಲಿ ಕೂಗುತ್ತಾರೆ. ನಿಜದಲ್ಲಿ ಕೈಯ ಸ್ನಾಯು ಬಿಗಿದು ತಗಡನ್ನೇ ಹಿಡಿದುಕೊಳ್ಳುತ್ತದೆ, ಬಿಡಬೇಕೆಂದರೂ ಬಿಡಲಾಗುವುದಿಲ್ಲ. ನಾನು ಅವನನ್ನು ಎಳೆಯಲು ಹಾರಿದೆ. ಅಣ್ಣ ನನ್ನ ಎದೆಗೆ ಒದ್ದು ಬೀಳಿಸಿ, ಮೇನ್ ಸ್ವಿಚ್ ಎಳೆದರು. ಆ ಒದೆತ ಇಲ್ಲದಿದ್ದರೆ ಇಬ್ಬರೂ ಹೋಗಿರುತ್ತಿದ್ದೆವು.

ಟಾಕೀಸು ಕತ್ತಲು. ಕೆಳಗೆ ಗಾಂಧಿ ಕ್ಲಾಸಿನವರು ಶಿಳ್ಳೆ ಹೊಡೆದು ಬೈಯುತ್ತಿದ್ದರು. ಮೇಲೆ ಅವನು ನೆಲದಲ್ಲಿ ಬಿದ್ದಿದ್ದ. ಉಸಿರು ಇತ್ತು, ದೇವರು ದೊಡ್ಡವನು. ಬಲಗೈಯ ಮೂರು ಬೆರಳು ಮಾತ್ರ ಮತ್ತೆ ಮಡಚಲಿಲ್ಲ.

ರಿಕ್ಷಾ ಹತ್ತಿಸುವಾಗ ಮ್ಯಾನೇಜರ್ ಕಿವಿಯಲ್ಲಿ ಹೇಳಿದರು: "ಏಣಿಯಿಂದ ಬಿದ್ದ ಅಂತ ಹೇಳಿ, ಆಯ್ತಾ?" ಆಸ್ಪತ್ರೆಯಲ್ಲಿ ಕೇಳಿದಾಗ ನಾನು ಏಣಿ ಎಂದೆ. ಕೆಲಸ ಹೋಗುವ ಹೆದರಿಕೆ ನೋಡಿ.

ಮುಂದೆ ನಾನೇ ವೈರ್‌ಮ್ಯಾನ್ ಆದೆ. ಆಗ ತಿಳಿಯಿತು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ಅರ್ಥ್ ತಂತಿ ನಮ್ಮ ಕಡಲಿನ ಉಪ್ಪುಗಾಳಿಗೆ ತುಕ್ಕು ಹಿಡಿದು ತುಂಡಾಗಿದ್ದಿರಬೇಕು. ಫ್ಯೂಸು ಪದೇ ಪದೇ ಹೋಗುತ್ತದೆಂದು ಅದಕ್ಕೆ ದಪ್ಪ ತಂತಿ ಸುತ್ತಿದ್ದನ್ನು ಕಣ್ಣಾರೆ ನೋಡಿದ್ದೆ. ಅಷ್ಟಕ್ಕೂ ಫ್ಯೂಸು ಉಳಿಸುವುದು ವೈರನ್ನು, ಮನುಷ್ಯನನ್ನಲ್ಲ. ಅದು ಕರಗಲು ಹಲವು ಆಂಪಿಯರ್ ಬೇಕು. ಎದೆ ನಿಲ್ಲಲು ಒಂದು ಆಂಪಿಯರಿನ ಹತ್ತನೇ ಒಂದು ಪಾಲು ಸಾಕು. 30 ಮಿಲಿ ಆಂಪಿಯರ್ ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಲೈನು ಕಡಿಯುವ ಬ್ರೇಕರು ಇವತ್ತು ಯಾವ ಅಂಗಡಿಯಲ್ಲೂ ಸಿಗುತ್ತದೆ.

ಹೊಣೆ ಯಾರದ್ದು? ಕರೆಂಟು ಕೊಡುವವರ ಕೆಲಸ ಮೀಟರಿನ ಹತ್ತಿರ ಮುಗಿಯುತ್ತದೆ, ಅಲ್ಲಿಂದಾಚೆಯ ವೈರಿಂಗು ಜಾಗದ ಮಾಲೀಕರದ್ದು. 1956ರ ವಿದ್ಯುತ್ ನಿಯಮಗಳು ಆಗ ಜಾರಿಯಲ್ಲಿದ್ದವು. ಅವಘಡವಾದರೆ ಇನ್‌ಸ್ಪೆಕ್ಟರಿಗೆ ತಿಳಿಸಬೇಕು, ಶಾಕ್ ಹೊಡೆದವನಿಗೆ ಏನು ಮಾಡಬೇಕೆಂಬ ಚಾರ್ಟನ್ನು ಸ್ಥಳೀಯ ಭಾಷೆಯಲ್ಲೂ ತೂಗುಹಾಕಬೇಕು ಎಂದೆಲ್ಲಾ ಅದರಲ್ಲಿತ್ತು. ನಮ್ಮ ಕ್ಯಾಬಿನ್ನಿನಲ್ಲೂ ಚಾರ್ಟ್ ಇತ್ತು ಮಾರಾಯ್ರೆ! ಅದರ ಮೇಲೆ 'ಆಟೋ ರಾಜ' ಪೋಸ್ಟರು ಅಂಟಿಸಿದವ ನಾನೇ.

1989ರ ಫೆಬ್ರವರಿ 8. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಶೂಟಿಂಗಿನಲ್ಲಿ ಬೆಂಕಿ. ಸತ್ತವರು 62. ಸಡಿಲ ವೈರಿಂಗು, ಗಾಳಿಯಾಡದ ಫ್ಲೋರು, ಗೋಡೆಗೆ ಗೋಣಿತಾಟು ಎಂದೆಲ್ಲಾ ಆಗ ಕಾರಣ ಹೇಳಿದರು. ಮೈಯೆಲ್ಲ ಸುಟ್ಟ ನಾಯಕ ಸಂಜಯ್ ಖಾನ್ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು, ಅದು ಎಲ್ಲರಿಗೂ ಗೊತ್ತು. ಆ 62 ಜನರಲ್ಲಿ ಒಬ್ಬರ ಹೆಸರಾದರೂ ನಿಮಗೆ ಗೊತ್ತೇ? ನನಗೂ ಗೊತ್ತಿಲ್ಲ. ಆ ದಿನ ಪೇಪರು ಓದುತ್ತಾ ನನಗೆ ಕಂಡದ್ದು ಅದೇ ಫ್ಯಾನು. ಅಲ್ಲಿಯೂ ಯಾರೋ 'ಈ ಶೆಡ್ಯೂಲ್ ಮುಗಿಯಲಿ' ಅಂದಿರಬಹುದು ಅನ್ನಿಸಿತು.

ಕ್ಯಾಬಿನ್ನಿನಲ್ಲಿ ಕೆಲಸ ಮಾಡದವರಿಗೆ ಇದೆಲ್ಲ ಯಾಕೆ ಅಂತೀರಾ? 2024ರ ಜನವರಿ 8, ಯಶ್ ಹುಟ್ಟುಹಬ್ಬ. ಗದಗ ಜಿಲ್ಲೆಯ ಸೂರಣಗಿಯಲ್ಲಿ ಕಟೌಟ್ ನಿಲ್ಲಿಸುತ್ತಿದ್ದಾಗ ಅದು ಕರೆಂಟು ತಂತಿಗೆ ತಾಗಿ ಮೂವರು ಹುಡುಗರು ಹೋದರು. ಯಶ್ ಅದೇ ದಿನ ಅವರ ಮನೆಗಳಿಗೆ ಬಂದರು. ಹುಡುಗರು ಬರಲಿಲ್ಲ.

ಹೋದ ವರ್ಷ ಜ್ಯೋತಿ ಸರ್ಕಲ್‌ನಲ್ಲಿ ನನ್ನ ಗೆಳೆಯ ಸಿಕ್ಕಿದ. ಜ್ಯೋತಿ ಟಾಕೀಸೇ ಈಗಿಲ್ಲ, ಹೆಸರು ಮಾತ್ರ ಉಳಿದಿದೆ. ಚಾ ಗ್ಲಾಸನ್ನು ಎಡಗೈಯಲ್ಲಿ ಹಿಡಿದು ಕೇಳಿದ: "ಶಾಕ್ ಅಂತ ಬರೆಸಿದ್ದರೆ ನನಗೆ ಏನಾದರೂ ಪರಿಹಾರ ಸಿಗ್ತಿತ್ತಾ?"

"ಸಿಗ್ತಿತ್ತು" ಎಂದೆ. ಅವನು ಚಾ ಕುಡಿದ. ದುಡ್ಡು ನಾನೇ ಕೊಡುತ್ತೇನೆಂದರೆ ಬಿಡಲಿಲ್ಲ.