ಕನ್ನಡಿಯೊಳಗಣ ಗಡಿಯಾರ

ಗದಗ ನಿಲ್ದಾಣದಲ್ಲಿ ರೈಲಿಗಾಗಿ ಕಾಯುವವರಿಗೆ ಬಿಟ್ಟಿಯಾಗಿ ದೊರೆಯುವ ಒಂದು ವಿನೋದವುಂಟು. ಊರಿನ ಹೆಸರನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಗದಗವೇ. ಕನಕ, ನಯನ, ಜಲಜಗಳ ಪಂಕ್ತಿಯಲ್ಲಿ ಈ ಊರನ್ನೂ ಕೂರಿಸಿ, ತರಗತಿಯಲ್ಲಿ ಗತಪ್ರತ್ಯಾಗತವನ್ನು ವಿವರಿಸುವುದು ನನ್ನ ವಾಡಿಕೆ. ಭಾರವಿ ಕಿರಾತಾರ್ಜುನೀಯದ 15ನೆಯ ಸರ್ಗದಲ್ಲಿ ಇಂಥ ಚಿತ್ರಬಂಧಗಳನ್ನು ಹೆಣೆದಿದ್ದಾನಷ್ಟೆ.

ಮೊನ್ನೆ ಮಗಳನ್ನು ದೂರದ ಊರಿನ ಕಾಲೇಜಿಗೆ ಕಳುಹಿಸಲು ಅಲ್ಲಿಗೆ ಹೋಗಿದ್ದೆ. ಪ್ರಯಾಣಿಕರ ಕೊಠಡಿಯ ಕನ್ನಡಿಯೆದುರು ತಲೆ ಬಾಚಿಕೊಳ್ಳುತ್ತಿದ್ದವಳು ಥಟ್ಟನೆ ಕರೆದಳು: “ಅಪ್ಪಾ, ಇಲ್ಲಿ ನೋಡ್ರಿ, ಕನ್ನಡಿಯೊಳಗ ಟೈಮು ತಿರುಗೇ ಇಲ್ಲ!” ಹಿಂದಿನ ಗೋಡೆಯ ಅಂಕೆಗಡಿಯಾರದಲ್ಲಿ 20:05. ಕನ್ನಡಿಯಲ್ಲಿಯೂ 20:05!

ಇದರ ಗುಟ್ಟು ಸರಳವಾದುದು. ಇಂಥ ಗಡಿಯಾರದ ಪ್ರತಿಯೊಂದು ಅಂಕೆಯೂ ಏಳು ಬೆಳಕಿನ ಪಟ್ಟಿಗಳಿಂದ ಆದುದು. ಏಳೂ ಹೊತ್ತಿದರೆ 8. ನಡುವಿನದು ಆರಿದರೆ 0. ಕನ್ನಡಿಯಲ್ಲಿ 0, 1, 8 ತಮ್ಮ ರೂಪವನ್ನು ಉಳಿಸಿಕೊಳ್ಳುತ್ತವೆ. 3, 4, 6, 7, 9 ಅಂಕೆಗಳೇ ಅಲ್ಲದಂತಾಗುತ್ತವೆ. ಆದರೆ 2 ಮಾತ್ರ 5 ಆಗುತ್ತದೆ, 5 ಹೋಗಿ 2 ಆಗುತ್ತದೆ. ಓದುವಾಗ ಗತಪ್ರತ್ಯಾಗತವಾದ 12:21 ಕನ್ನಡಿಯಲ್ಲಿ 15:51 ಆಗಿಬಿಡುತ್ತದೆ. ಓದಿಗೆ ಯಾವ ಸಮತೆಯನ್ನೂ ತೋರದ 12:51 ಕನ್ನಡಿಯಲ್ಲಿ ಹಾಗೆಯೇ ನಿಲ್ಲುತ್ತದೆ. ಗಡಿಯಾರವನ್ನು ತಲೆಕೆಳಗು ಮಾಡಿದರೆ ನ್ಯಾಯವೇ ಬೇರೆ: ಆಗ 2 ಎರಡೇ, 5 ಐದೇ, 6 ಮತ್ತು 9 ಸ್ಥಾನ ಬದಲಿಸುತ್ತವೆ. ರೈಲ್ವೆಯ 24 ಗಂಟೆಗಳ ಲೆಕ್ಕದಲ್ಲಿ ಕನ್ನಡಿಗೆ ಜಗ್ಗದ ಹೊತ್ತುಗಳು ದಿನಕ್ಕೆ 11. ಮಗಳು ಬೆರಳು ಮಡಿಸಿ ಎಣಿಸಿದಳು: 00:00, 01:10, 02:50, 05:20, 10:01, 11:11, 12:51, 15:21, 20:05, 21:15, 22:55.

ಅವಳು ಎಣಿಸುತ್ತಿದ್ದಂತೆ ನನ್ನ ಮನಸ್ಸು ಹಿಂದಕ್ಕೆ ಓಡಿತು. ಅಕ್ಷರಾಭ್ಯಾಸದ ದಿನಗಳಲ್ಲಿ ಇದೇ ಹುಡುಗಿ ಪಾಟಿಯ ಮೇಲೆ 2 ಬರೆಯೆಂದರೆ 5ರಂತಹದನ್ನು ಬರೆಯುತ್ತಿದ್ದಳು. 5 ಬರೆಯೆಂದರೆ 2. ಕಾಲೇಜಿನಲ್ಲಿ ಚಿತ್ರಬಂಧಗಳನ್ನು ಮೆಚ್ಚಿ ಪಾಠ ಹೇಳಿ ಬಂದ ನಾನು, ಮನೆಯಲ್ಲಿ ಆ ಎಳೆಯ ಬೆರಳುಗಳ ಮೇಲೆ ಅಡಿಕೋಲಿನಿಂದ ಹೊಡೆದಿದ್ದೆ. ಅವಳ ಕಣ್ಣಿಗೆ ಆಗಲೇ ಕಂಡಿದ್ದ ನಂಟು ನನಗೆ ಕಂಡದ್ದು ಮೊನ್ನೆ. ಎರಡೂ ಒಂದೇ ಆಕೃತಿ. ಒಂದು ಎಡಕ್ಕೆ ಮುಖ ಮಾಡಿದೆ, ಮತ್ತೊಂದು ಬಲಕ್ಕೆ.

ಗಾಡಿ ಹೊರಟಾಗ 20:12. ಒಳಬಂದು ಕನ್ನಡಿ ನೋಡಿದೆ. ಅದರಲ್ಲಿ 51:05, ಯಾವ ದಿನದಲ್ಲಿಯೂ ಬಾರದ ವೇಳೆ. ಮನೆ ಸೇರಿ ಸರಿಯಾಗಿ 21:15ಕ್ಕೆ ಫೋನು ಮಾಡಿ, ತಡವರಿಸುತ್ತ ಆ ಅಡಿಕೋಲಿನ ಮಾತೆತ್ತಿದೆ.

“ಯಾವ ಅಡಿಕೋಲು, ಅಪ್ಪಾ?” ಎಂದಳು.

ನಿಜವಾಗಿ ಮರೆತಿದ್ದಳೋ, ನನಗಾಗಿ ಮರೆತವಳಂತೆ ನುಡಿದಳೋ, ನಾನು ಇನ್ನೂ ತಿಳಿಯಲಾರೆ.