ಹಾಸಿಗೆ ಹಿಡಿದವರನ್ನು ಎತ್ತುವ ಜೋಲಿ: ಆರಿಸುವ ಮುನ್ನ, ಬಳಸುವ ಮುನ್ನ

ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. ಪೋಪ್ ದ್ವಿತೀಯ ಜಾನ್ ಪೌಲ್ ಅವರು 1992ರಲ್ಲಿ ಈ ದಿನವನ್ನು ವಿಶ್ವ ರೋಗಿಗಳ ದಿನವೆಂದು ಘೋಷಿಸಿದರು. 1993ರಿಂದ ಅದು ಆಚರಣೆಯಲ್ಲಿದೆ. ಅಂದು ವ್ಹೀಲ್‌ಚೇರಿನಲ್ಲಿ ಕುಳಿತು ಬಲಿಪೂಜೆಗೆ ಬರುವವರನ್ನು ನಾವೆಲ್ಲ ಕಾಣುತ್ತೇವೆ. ಆದರೆ ಹಾಸಿಗೆಯಿಂದ ವ್ಹೀಲ್‌ಚೇರಿಗೆ ಬರುವುದೇ ಕಷ್ಟವಾದವರು ಮನೆಯಲ್ಲೇ ಉಳಿಯುತ್ತಾರೆ. ಮಾರ್ಕನ ಶುಭಸಂದೇಶದಲ್ಲಿ ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಬಳಿಗೆ ಹೊತ್ತು ತಂದವರು ನಾಲ್ವರು. ನಮ್ಮ ಮನೆಗಳಲ್ಲಿ ಆ ಕೆಲಸಕ್ಕೆ ಇರುವುದು ಹೆಚ್ಚೆಂದರೆ ಒಬ್ಬ ಸೊಸೆ, ಇಲ್ಲವೇ ಒಬ್ಬ ಹೋಂ ನರ್ಸ್.

ನಮ್ಮ ಕರಾವಳಿಯ ಎಷ್ಟೋ ಹಿರಿಯರು ಈಗ ಊರಿನ ಮನೆಗೆ ಬೀಗ ಹಾಕಿ ಬೆಂಗಳೂರಿನಲ್ಲಿ ಮಕ್ಕಳ ಜೊತೆ ಇದ್ದಾರೆ. ಊರಿನ ಬಸ್ಸು ಬೆಳಗಿನ ಜಾವ ಯಶವಂತಪುರ ಮುಟ್ಟಿದಾಗ ಇಳಿದು ಹೆಬ್ಬಾಳ, ಆರ್.ಟಿ. ನಗರ, ಯಲಹಂಕದ ಕಡೆ ಹೋಗುವವರಲ್ಲಿ ಅವರನ್ನು ನೋಡಲು ಬರುವ ನೆಂಟರೂ ಇರುತ್ತಾರೆ. ಊರಿನಲ್ಲಾದರೆ ಎತ್ತಿ ಕೂರಿಸಲು ನೆರೆಮನೆಯವರನ್ನು ಕೂಗಬಹುದಿತ್ತು. ಫ್ಲ್ಯಾಟಿನಲ್ಲಿ ಯಾರನ್ನು ಕೂಗುವುದು? ಹಾಗಾಗಿ ರೋಗಿಯನ್ನು ಎತ್ತುವ ಯಂತ್ರ, ಅಂದರೆ ಪೇಷೆಂಟ್ ಲಿಫ್ಟ್, ಒಂದೊಂದಾಗಿ ಮನೆಗಳಿಗೆ ಬರುತ್ತಿದೆ. ಬಾಡಿಗೆಗೂ ಸಿಗುತ್ತದೆ. ಇದನ್ನು ಐಷಾರಾಮ ಎನ್ನಬೇಡಿ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಸಂಶೋಧಕ ಥಾಮಸ್ ವಾಟರ್ಸ್ 2007ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಎಲ್ಲವೂ ಅನುಕೂಲವಾಗಿದ್ದಾಗಲೂ ಆರೈಕೆ ಮಾಡುವ ಒಬ್ಬರು ಕೈಯಿಂದ ಎತ್ತಬಹುದಾದ ರೋಗಿಯ ಭಾರ 35 ಪೌಂಡು, ಅಂದರೆ ಸುಮಾರು 16 ಕಿಲೋ ಮಾತ್ರ. ನಮ್ಮ ಅಮ್ಮಂದಿರು ಎಷ್ಟೇ ಸೊರಗಿದ್ದರೂ ಅದಕ್ಕಿಂತ ಭಾರ ಇರುತ್ತಾರೆ.

ಯಲಹಂಕದ ಒಂದು ಮನೆಗೆ ರೋಗಿಯ ಭೇಟಿಗೆಂದು ಹೋಗಿದ್ದಾಗ ನಾವು ಕಂಡದ್ದನ್ನು ಇಲ್ಲಿ ಹೇಳಬೇಕು. ಪಾರ್ಶ್ವವಾಯು ಬಡಿದ ತಾಯಿಗೆ ಪರಿಚಯದವರೊಬ್ಬರು ಯಂತ್ರವನ್ನೂ ಅದರ ಜೋಲಿಯನ್ನೂ ಕೊಟ್ಟಿದ್ದರು. ಅದನ್ನು ಮೊದಲು ಬಳಸುತ್ತಿದ್ದವರು ದೊಡ್ಡ ಮೈಕಟ್ಟಿನ ಗಂಡಸು. ಯಂತ್ರ ಮೇಲಕ್ಕೆ ಹೋದಂತೆ ಆ ತಾಯಿಯ ಸೊಂಟ ಕೆಳಗೆ ಜಾರಿ, ಮೊಣಕಾಲು ಗದ್ದಕ್ಕೆ ತಾಗುವಷ್ಟು ಮಡಚಿಹೋದರು. ಸೊಸೆ ಗಾಬರಿಯಾಗಿ ಕೆಳಗಿನಿಂದ ಕೈಕೊಟ್ಟಳು. ದೇವರ ದಯೆ, ಕೂಡಲೇ ಇಳಿಸಿದ್ದರಿಂದ ಪೆಟ್ಟಾಗಲಿಲ್ಲ. ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಎಲ್ಲರೂ ಯಂತ್ರವನ್ನು ನೋಡಿದ್ದರು, ಬಟ್ಟೆಯನ್ನು ಯಾರೂ ನೋಡಿರಲಿಲ್ಲ. ಮನುಷ್ಯನನ್ನು ಹಿಡಿದಿಡುವುದು ಆ ಬಟ್ಟೆಯೇ.

ಅಂಗಡಿಯಲ್ಲಿ ಸ್ಲಿಂಗ್ ಎಂದು ಕೇಳಿದರೆ ತೋರಿಸುವ ಈ ಜೋಲಿಯ ಅಳತೆಯನ್ನು ತೂಕದಿಂದ ನಿರ್ಧರಿಸುವುದು ಎಲ್ಲರೂ ಮಾಡುವ ತಪ್ಪು. 60 ಕಿಲೋ ತೂಗುವ ಇಬ್ಬರಲ್ಲಿ ಒಬ್ಬರು ಉದ್ದ, ಒಬ್ಬರು ಗಿಡ್ಡ ಇರಬಹುದು. ಬೆನ್ನುಮೂಳೆಯ ಕೆಳತುದಿಯಿಂದ ಭುಜದವರೆಗೆ ಅಳೆಯಬೇಕು. ಕತ್ತು ನಿಲ್ಲದವರಿಗೆ ನೆತ್ತಿಯವರೆಗೆ ಅಳೆದು, ತಲೆಗೆ ಆಸರೆ ಇರುವ ಜೋಲಿಯನ್ನೇ ಕೊಳ್ಳಬೇಕು. ಸೊಂಟ ಮತ್ತು ತೊಡೆಯ ಸುತ್ತಳತೆಯೂ ಬೇಕು. ಜೋಲಿ ದೊಡ್ಡದಾದರೆ ಆ ತಾಯಿಗೆ ಆದಂತೆ ಮೈ ಕೆಳಗೆ ಜಾರುತ್ತದೆ, ಚಿಕ್ಕದಾದರೆ ತೊಡೆಸಂದಿಯಲ್ಲಿ ಕೊರೆದು ಚರ್ಮ ಕೀಳುತ್ತದೆ. ಹೊರುವ ಭಾರದ ಮಿತಿ ಬೇರೆ ವಿಷಯ. ಅದು ಜೋಲಿಯ ಚೀಟಿಯಲ್ಲೂ ಯಂತ್ರದ ಮೇಲೂ ಬರೆದಿರುತ್ತದೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಮಿತಿ.

ಜೋಲಿಗಳಲ್ಲಿ ಬಗೆಗಳೂ ಇವೆ. ಇಡೀ ಮೈಯನ್ನು ತಬ್ಬುವಂಥದ್ದು ತೀರಾ ನಿತ್ರಾಣ ಇರುವವರಿಗೆ. ಕಾಲಿನ ಭಾಗ ಎರಡಾಗಿ ಸೀಳಿರುವುದು ಹೆಚ್ಚಿನ ಮನೆಗಳಲ್ಲಿ ಬಳಕೆಯಲ್ಲಿದೆ, ಕುಳಿತಲ್ಲಿಂದಲೇ ಹಾಕಿ ತೆಗೆಯಬಹುದು. ಸ್ನಾನಕ್ಕೆ ಜಾಲರಿ ಬಟ್ಟೆಯದು ಬರುತ್ತದೆ. ಶೌಚಕ್ಕೆಂದು ಹಿಂಭಾಗ ತೆರೆದಿರುವ ಇನ್ನೊಂದು ಬಗೆ ಇದೆ. ಬಟ್ಟೆ ಬದಲಿಸಲು ಸುಲಭ ಎಂದು ಮನೆಯವರು ಇದನ್ನೇ ಆಸೆಪಟ್ಟು ಕೊಳ್ಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ಇದಕ್ಕೇ. ಇದರಲ್ಲಿ ತೋಳುಗಳು ಪಟ್ಟಿಯ ಹೊರಗಿರುತ್ತವೆ. ಮೈಯನ್ನು ತಾನೇ ನೆಟ್ಟಗೆ ಹಿಡಿಯಬಲ್ಲವರಿಗೆ, ತೋಳನ್ನು ಕೆಳಗೆ ಒತ್ತಿಟ್ಟುಕೊಳ್ಳಬಲ್ಲವರಿಗೆ ಮಾತ್ರ ಅದು ಸರಿ. ಪಾರ್ಶ್ವವಾಯುವಿನಿಂದ ಒಂದು ತೋಳು ಸೋತವರು, ಮರೆವಿನ ಕಾಯಿಲೆಯವರು ತೋಳೆತ್ತಿದರೆ ಕೆಳಗೆ ಜಾರಿಬಿಡುತ್ತಾರೆ. ಯಾವ ಬಗೆ ಯಾರಿಗೆ ಎಂಬುದನ್ನು ಅಂಗಡಿಯವರಲ್ಲ, ಫಿಸಿಯೋಥೆರಪಿಸ್ಟ್ ಹೇಳಬೇಕು. ಹೆಬ್ಬಾಳದಲ್ಲಿ 1973ರಿಂದ ಇರುವ ಬ್ಯಾಪ್ಟಿಸ್ಟ್ ಆಸ್ಪತ್ರೆ, ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ, ಎಪಿಡಿ ಎಂದೇ ಹೆಸರಾದ ಲಿಂಗರಾಜಪುರದ ಸಂಸ್ಥೆ ಇಂಥ ಕಡೆ ವಿಚಾರಿಸಬಹುದು. ಸೊಂಟದ ಮೂಳೆ ಮುರಿದು ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರನ್ನು, ಬೆನ್ನುಹುರಿಗೆ ಪೆಟ್ಟಾದವರನ್ನು ವೈದ್ಯರ ಒಪ್ಪಿಗೆ ಇಲ್ಲದೆ ಜೋಲಿಯಲ್ಲಿ ಎತ್ತಲೇಬಾರದು.

ಕೊಳ್ಳುವ ಮೊದಲು ಮನೆಯನ್ನೂ ಅಳೆಯಿರಿ. ಯಂತ್ರದ ಕಾಲುಗಳು ಮಂಚದ ಅಡಿಗೆ ತೂರಬೇಕು. ಅಡಿಯಲ್ಲಿ ಸಾಮಾನು ತುಂಬುವ ಬಾಕ್ಸ್ ಮಂಚ ಇದ್ದರೆ ತೂರಲು ಜಾಗವೇ ಇಲ್ಲ. ಬಚ್ಚಲಿನ ಬಾಗಿಲು ಬಹಳ ಕಡೆ ಎರಡೂವರೆ ಅಡಿ, ಮೇಲೆ ಹೊಸ್ತಿಲು ಬೇರೆ. ರೋಗಿಯನ್ನು ತೂಗಿಸಿಕೊಂಡು ಹೊಸ್ತಿಲು ದಾಟಿಸಲು ಹೋಗಬೇಡಿ. ಈ ಯಂತ್ರ ಹಾಸಿಗೆಯಿಂದ ಕುರ್ಚಿಗೆ ಇಳಿಸಲಿಕ್ಕೆ, ಮನೆಯೆಲ್ಲ ಓಡಾಡಿಸಲಿಕ್ಕಲ್ಲ. ಚಕ್ರವಿರುವ ಸ್ನಾನದ ಕುರ್ಚಿಯನ್ನೇ ಮಂಚದ ಬಳಿಗೆ ತನ್ನಿ.

ಇನ್ನು ಎತ್ತುವ ಕ್ರಮ. ಇಬ್ಬರಿದ್ದರೆ ಒಳ್ಳೆಯದು. ಏನು ಮಾಡುತ್ತೇವೆ ಎಂದು ರೋಗಿಗೆ ಮೊದಲು ಹೇಳಬೇಕು, ಮಾತು ನಿಂತವರಿಗೂ ಹೇಳಬೇಕು. ಹಾಸಿಗೆಯಲ್ಲಿ ರೋಗಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ, ಆಸ್ಪತ್ರೆಯಲ್ಲಿ ಬೆಡ್‌ಶೀಟ್ ಬದಲಿಸುವಂತೆ ಅರ್ಧ ಸುತ್ತಿದ ಜೋಲಿಯನ್ನು ಬೆನ್ನಿಗೆ ಒತ್ತಿಟ್ಟು, ಮತ್ತೊಂದು ಮಗ್ಗುಲಿಗೆ ಹೊರಳಿಸಿ ಬಿಡಿಸಬೇಕು. ಜೋಲಿಯ ನಡುಗೆರೆ ಬೆನ್ನೆಲುಬಿನ ನೇರಕ್ಕೆ, ಕೆಳ ಅಂಚು ಬೆನ್ನುಮೂಳೆಯ ತುದಿಗೆ ಬರಲಿ. ಕಾಲಿನ ಪಟ್ಟಿಗಳನ್ನು ತೊಡೆಯಡಿಯಿಂದ ಸುಕ್ಕಿಲ್ಲದೆ ಎಳೆದು, ಸಾಮಾನ್ಯವಾಗಿ ಒಂದರೊಳಗೆ ಇನ್ನೊಂದನ್ನು ತೂರಿಸಿ ಅಡ್ಡಸರಳಿಗೆ ಸಿಕ್ಕಿಸುತ್ತಾರೆ. ಹೀಗೆ ಮಾಡಿದರೆ ಕಾಲುಗಳು ಅಗಲುವುದಿಲ್ಲ, ಮಾನವೂ ಉಳಿಯುತ್ತದೆ. ಕುಣಿಕೆಗಳಿಗೆ ಬೇರೆ ಬೇರೆ ಬಣ್ಣ ಇರುತ್ತದೆ. ಎಡಗಡೆ ಭುಜಕ್ಕೆ ಯಾವ ಬಣ್ಣವೋ ಬಲಗಡೆಗೂ ಅದೇ, ಕಾಲಿಗೂ ಹಾಗೆಯೇ. ಭುಜದ ಕುಣಿಕೆ ಗಿಡ್ಡದಾದಷ್ಟೂ ರೋಗಿ ನೆಟ್ಟಗೆ ಕೂರುತ್ತಾರೆ. ಕುಣಿಕೆಯ ಜೋಲಿಯನ್ನು ಕ್ಲಿಪ್ಪಿನ ಯಂತ್ರಕ್ಕೆ ಹೇಗೋ ಹೊಂದಿಸಲು ಹೋಗಬಾರದು.

ಮಂಚದ, ವ್ಹೀಲ್‌ಚೇರಿನ ಬ್ರೇಕ್ ಹಾಕಿರಬೇಕು. ಯಂತ್ರದ ಕಾಲುಗಳನ್ನು ಪೂರ್ತಿ ಅಗಲಿಸಿರಬೇಕು. ಎತ್ತುವಾಗ ಯಂತ್ರದ ಚಕ್ರಕ್ಕೆ ಬ್ರೇಕ್ ಹಾಕಬಾರದು ಎಂದು ಅನೇಕ ತಯಾರಕರು ಹೇಳುತ್ತಾರೆ, ಭಾರಕ್ಕೆ ತಕ್ಕಂತೆ ಯಂತ್ರ ತಾನೇ ಸರಿದುಕೊಳ್ಳಲಿ ಎಂದು. ನಿಮ್ಮ ಯಂತ್ರದ ಕೈಪಿಡಿ ಏನನ್ನುತ್ತದೆ ಎಂದು ನೋಡಿಕೊಳ್ಳಿ. ಹಾಸಿಗೆಯಿಂದ ಎರಡು ಮೂರು ಇಂಚು ಎದ್ದೊಡನೆ ನಿಲ್ಲಿಸಿ ನಾಲ್ಕೂ ಕುಣಿಕೆ ನೋಡಿ, ರೋಗಿಯ ಮುಖ ನೋಡಿ. ಸರಿಯೆನಿಸದಿದ್ದರೆ ಇಳಿಸಿ ಮತ್ತೆ ಹಾಕಿ. ಅಡ್ಡಸರಳು ಹಣೆಗೆ ತಾಗದಂತೆ ಒಂದು ಕೈ ಅಲ್ಲಿರಲಿ. ಫೋನು ಬಂತೆಂದು, ಬಾಗಿಲು ಬಡಿದರೆಂದು ರೋಗಿಯನ್ನು ತೂಗಾಡಲು ಬಿಟ್ಟು ಹೋಗಬಾರದು. ಬ್ಯಾಟರಿ ಯಂತ್ರವಾದರೆ ಕರೆಂಟ್ ಹೋಗಿ ಬ್ಯಾಟರಿಯೂ ಇಳಿದಾಗ ಕೈಯಿಂದ ಕೆಳಗಿಳಿಸುವುದು ಹೇಗೆ ಎಂದು ಯಂತ್ರ ತಂದ ದಿನವೇ ಕಲಿಯಿರಿ. ಕುರ್ಚಿಗೆ ಇಳಿಸಿದ ಮೇಲೆ ಜೋಲಿಯನ್ನು ತೆಗೆಯಬೇಕು. ಅಡಿಯಲ್ಲೇ ಬಿಡಲೆಂದು ಮಾಡಿದ ಬಗೆಯಲ್ಲದಿದ್ದರೆ ಅದರ ಮಡಿಕೆಯೇ ಹುಣ್ಣಿಗೆ ದಾರಿ.

ಒಗೆಯುವಾಗ ಬ್ಲೀಚ್ ಬೇಡ, ಇಸ್ತ್ರಿ ಬೇಡ, ನೂಲು ಬಲ ಕಳೆದುಕೊಳ್ಳುತ್ತದೆ. ನೆರಳಿನಲ್ಲಿ ಒಣಗಿಸಿ. ನಮ್ಮ ಊರಿನ ಜೂನ್, ಜುಲೈ ಮಳೆಗೆ ಒಂದೇ ಜೋಲಿ ಇದ್ದರೆ ಒಣಗುವುದಿಲ್ಲ, ಎರಡು ಇಟ್ಟುಕೊಳ್ಳುವುದು ಲೇಸು. ಬ್ರಿಟನ್ನಿನಲ್ಲಿ ಕೆಲಸದ ಸ್ಥಳಗಳಿಗೆ 1998ರ ನಿಯಮವೊಂದಿದೆ. ಅದರಂತೆ ಮನುಷ್ಯರನ್ನು ಎತ್ತುವ ಸಾಧನ, ಜೋಲಿಗಳನ್ನು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ತಜ್ಞರು ಪರಿಶೀಲಿಸಬೇಕು. ನಮ್ಮ ಮನೆಗಳಿಗೆ ಹಾಗೆ ಯಾರೂ ಬರುವುದಿಲ್ಲ. ಪ್ರತಿ ಬಾರಿ ಎತ್ತುವ ಮುನ್ನ ನಾವೇ ಹೊಲಿಗೆ, ಕುಣಿಕೆಯ ಬುಡ, ಎಳೆ ಬಿಟ್ಟ ಅಂಚುಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಹರಿದದ್ದನ್ನು ದರ್ಜಿಯ ಬಳಿ ಹೊಲಿಸಬಾರದು.

ಯಂತ್ರಗಳನ್ನು ಎರವಲು ಕೊಡುವ ಧರ್ಮಕೇಂದ್ರಗಳಿಗೆ, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರಿಗೆ, ವಾಳೆಯ ಗುರ್ಕಾರರಿಗೆ ಒಂದು ವಿನಂತಿ. ಯಂತ್ರವನ್ನು ಮನೆಯಿಂದ ಮನೆಗೆ ಧಾರಾಳವಾಗಿ ಕಳುಹಿಸಿ, ಜೋಲಿಯನ್ನು ಮಾತ್ರ ಹೊಸ ರೋಗಿಯ ಅಳತೆ ತೆಗೆದ ಮೇಲೆಯೇ ಕೊಡಿ. ಕೊಂಡ ದಿನಾಂಕ, ಅಳತೆ, ಭಾರದ ಮಿತಿಗಳನ್ನು ಪುಸ್ತಕದಲ್ಲಿ ಬರೆದಿಡಿ. ಚೀಟಿ ಅಳಿಸಿಹೋದ ಜೋಲಿ ಎಷ್ಟು ಚೆನ್ನಾಗಿ ಕಂಡರೂ ಬಳಕೆಗೆ ಬೇಡ. ಅಂಥದ್ದನ್ನು ಎಸೆಯುವಾಗ ನಾಲ್ಕೂ ಕುಣಿಕೆಗಳನ್ನು ಕತ್ತರಿಸಿಯೇ ಎಸೆಯಿರಿ, ಇಲ್ಲವಾದರೆ ಅದು ಯಾರದೋ ಒಳ್ಳೆಯ ಮನಸ್ಸಿನಿಂದ ಮತ್ತೊಂದು ಮನೆಗೆ ಹೋಗಿ ಸೇರುತ್ತದೆ.