ಸಿಡಿಲಿನಂತೆ ಎರಗುವ ತಲೆನೋವು

ತಲೆನೋವು ಬಾರದ ಮನುಷ್ಯನಿಲ್ಲ. ಬಿಸಿಲು, ಹಸಿವು, ನಿದ್ದೆಗೇಡು, ಅರೆತಲೆಶೂಲೆ ಇವೇ ಬಹುಪಾಲು ಕಾರಣ. ಆದರೆ ಶುರುವಾದ ಒಂದೇ ನಿಮಿಷದಲ್ಲಿ ತುತ್ತತುದಿಗೇರಿ, ‘ಜನ್ಮದಲ್ಲೇ ಇಂಥ ನೋವು ಕಂಡಿಲ್ಲ’ ಎನಿಸಿದರೆ ಪಿತ್ತವೆಂದು ಲಿಂಬೆ ಶರಬತ್ತು ಕುಡಿದು ಮಲಗಬೇಡಿ.

ಮೊದಲು ಶಂಕಿಸಬೇಕಾದದ್ದು ಮಿದುಳಿನ ಹೊದಿಕೆಯಡಿಯ ರಕ್ತಸ್ರಾವ. ಅಪಧಮನಿಯ ಗೋಡೆ ಸವೆದ ಕಡೆ ಸೈಕಲ್ ಟ್ಯೂಬಿನಂತೆ ಉಬ್ಬಿ, ಒಂದು ದಿನ ಒಡೆಯುತ್ತದೆ. ರಕ್ತದೊತ್ತಡ, ಬೀಡಿ, ಸಿಗರೇಟು ಇದಕ್ಕೆ ಕುಮ್ಮಕ್ಕು. ತಂಬಾಕಿನ ಊರಾದ ನಿಪ್ಪಾಣಿಯ ಓದುಗರಿಗೆ ಇದನ್ನು ಒತ್ತಿ ಹೇಳಬೇಕು. ಆರು ಗಂಟೆಯೊಳಗೆ ಸಿ.ಟಿ. ಸ್ಕ್ಯಾನ್ ಆದರೆ ರಕ್ತ ಕಾಣದಿರುವುದು ತೀರ ಅಪರೂಪ. ತಡವಾದಷ್ಟೂ ಅದು ಮಾಸುತ್ತದೆ. ಆಗ ಸ್ಕ್ಯಾನ್ ‘ನಾರ್ಮಲ್’ ಬಂದರೂ ಬೆನ್ನಿನ ನೀರು ತೆಗೆದು ನೋಡಬೇಕಾಗುತ್ತದೆ. ಕಾಲು ಬಿದ್ದುಹೋಗುತ್ತವೆಂಬ ಭಯ ಬೇಡ. ವೈದ್ಯರಿಗೆ ‘ಬೆಳಿಗ್ಗೆ ಶುರುವಾಯಿತು’ ಎಂದರೆ ಸಾಲದು, ‘ಏಳೂಕಾಲಿಗೆ’ ಎನ್ನಿ. ಕಾಗವಾಡ, ಅಥಣಿ, ರಾಯಬಾಗದವರಿಗೆ ಮಿರಜ್ ಹತ್ತಿರ, ನಿಪ್ಪಾಣಿಯವರಿಗೆ ಕೊಲ್ಹಾಪುರ. ಚಿಕ್ಕೋಡಿಯವರು ಕೊಲ್ಹಾಪುರಕ್ಕೋ ಬೆಳಗಾವಿಗೋ ಹೋಗಲಿ. ಇಂಥ ಹೊತ್ತಿನಲ್ಲಿ ರಾಜ್ಯದ ಗಡಿ ಲೆಕ್ಕಕ್ಕಿಲ್ಲ.

ಈ ಪರೀಕ್ಷೆಗಳು ಸರಿಯಿದ್ದರೂ ಹುಡುಕಾಟ ಮುಗಿಯದು. ರಕ್ತನಾಳಗಳ ಚಿತ್ರವನ್ನೇ ತೆಗೆಸಬೇಕು. ಕೆಲವರಲ್ಲಿ ಮಿದುಳಿನ ನಾಳಗಳು ತಾತ್ಕಾಲಿಕವಾಗಿ ಸೆಟೆದುಕೊಳ್ಳುತ್ತವೆ. ಭಾರ ಎತ್ತುವಾಗ, ಸಂಭೋಗದ ವೇಳೆ, ನೆಗಡಿಯ ಕೆಲವು ಮಾತ್ರೆ ನುಂಗಿದಾಗ ಬರುವ ಈ ನೋವು ಒಂದೆರಡು ವಾರ ಮತ್ತೆ ಮತ್ತೆ ಎರಗುತ್ತದೆ. ಮೊದಲ ಚಿತ್ರದಲ್ಲಿ ಕಾಣದೆ, ಕೆಲ ದಿನದ ಬಳಿಕ ಮತ್ತೆ ತೆಗೆದಾಗ ಸಿಕ್ಕಿಬೀಳುವುದೂ ಉಂಟು. ಇನ್ನು ಕೆಲವರಲ್ಲಿ ಕತ್ತಿನ ನಾಳದ ಒಳಪದರ ಹರಿದಿರುತ್ತದೆ. ಕತ್ತುನೋವಿನೊಂದಿಗೆ ಒಂದು ಕಣ್ಣಿನ ರೆಪ್ಪೆ ಜೋಲುತ್ತದೆ. ಕ್ಷೌರದಂಗಡಿಯಲ್ಲಿ ಕತ್ತು ತಿರುವಿ ‘ಲಟಕ್’ ಎನ್ನಿಸಿಕೊಳ್ಳುವ ಖಯಾಲಿಯನ್ನು ನಾನಂತೂ ಒಪ್ಪುವುದಿಲ್ಲ.

ಮನೆಯಲ್ಲಿ ಬಾಣಂತಿಯಿದ್ದರೆ ಇನ್ನೊಂದು ಮಾತು. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಅದರ ಮೇಲೆ ‘ನೀರು ಕುಡಿದರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ’ ಎಂದು ಹಿರಿಯರು ಲೋಟ ಕಸಿಯುತ್ತಾರೆ! ಮಿದುಳಿನಿಂದ ರಕ್ತ ಹೊರಹೋಗುವ ಅಭಿಧಮನಿ ಹೆಪ್ಪಿನಿಂದ ಕಟ್ಟಿಕೊಂಡರೆ ತಲೆನೋವು, ವಾಂತಿ, ಮಂಜುಗಣ್ಣು, ಕೊನೆಗೆ ಫಿಟ್ಸ್. ನೋವು ಕೆಲವೊಮ್ಮೆ ಹಠಾತ್ತನೆ, ಹೆಚ್ಚಾಗಿ ದಿನದಿಂದ ದಿನಕ್ಕೆ ಏರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1980ರ ದಶಕದಿಂದಲೇ ಇದನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ಆದರೂ ಫಿಟ್ಸ್ ಬಂದ ಬಾಣಂತಿಗೆ ‘ಗಾಳಿ ಸೋಂಕಿದೆ’ ಎಂದು ತಾಯತ ಕಟ್ಟುವವರಿದ್ದಾರೆ. ಸಾದಾ ಸಿ.ಟಿ.ಯಲ್ಲಿ ಈ ಹೆಪ್ಪು ತಪ್ಪಿಸಿಕೊಳ್ಳಬಹುದು; ಅಭಿಧಮನಿಗಳ ಎಂ.ಆರ್. ಚಿತ್ರ ಬೇಕು. ‘ಹೆರಿಗೆಯಾಗಿ ಇಷ್ಟು ದಿನ’ ಎಂದು ನೀವಾಗಿಯೇ ಹೇಳಿ.

ಹೆಪ್ಪುಗಟ್ಟಿದ್ದರೆ ರಕ್ತ ತೆಳುವಾಗಿಸುವ ಔಷಧಿಯೇ ಚಿಕಿತ್ಸೆ. ಉಬ್ಬಿದ ಅಪಧಮನಿ ಒಡೆದಿದ್ದರೆ ಅದೇ ಔಷಧಿ ಜೀವಕ್ಕೆ ಮುಳುವು. ಕಾರಣ ತಿಳಿಯುವ ಮೊದಲೇ ಮನೆಯಲ್ಲಿರುವ ಆಸ್ಪಿರಿನ್ ನುಂಗಿಸಬೇಡಿ.